ಹಸಿನೀರು

ನಮ್ಮೂರಿನ ಹೆಂಗಸರಿಗೆ ಹುಬ್ಬಿಲ್ಲ. ಹುಟ್ಟುವಾಗ ಎಲ್ಲರಿಗೂ ಇರುತ್ತದೆ, ಕೊಡ ಉರಿಸುವುದನ್ನು ಕಲಿತ ಮೇಲೆ ಹೋಗುತ್ತದೆ. ಬೆಳಿಗ್ಗೆ ಬಾವಿಯಿಂದ ಸೇದಿ ತಂದ ನೀರನ್ನು ಅಂಗಳದಲ್ಲಿಟ್ಟು, ಕಡ್ಡಿ ಗೀರಿ ಕೊಡದ ಬಾಯಿಗೆ ಹಿಡಿದರೆ ಬುಸ್ಸೆಂದು ಉರಿ ಏಳುತ್ತದೆ. ಎಷ್ಟು ಚುರುಕಾಗಿ ಮುಖ ಹಿಂದಕ್ಕೆಳೆದುಕೊಂಡರೂ ಒಂದಲ್ಲ ಒಂದು ದಿನ ಅದು ಹಣೆಯನ್ನು ನೆಕ್ಕಿಯೇ ನೆಕ್ಕುತ್ತದೆ. ಉರಿ ತಾನಾಗಿ ಇಳಿಯುವವರೆಗೆ ಕೈಕಟ್ಟಿ ನಿಲ್ಲಬೇಕು. ಊದಿ ಆರಿಸುವ ಹಾಗಿಲ್ಲ. ಕೊಡದ ಉರಿಯೇ ಇರಲಿ, ದೇವರ ದೀಪವೇ ಇರಲಿ, ಬಾಯಿಂದ ಊದಿದ ಹೆಣ್ಣು ಆ ಮನೆಯನ್ನೇ ಊದಿ ಆರಿಸಿದಂತೆ ಎಂದು ತಾಯಂದಿರು ನಮ್ಮ ತುಟಿಯ ಮೇಲೆ ಬೆರಳಿಟ್ಟು ಕಲಿಸಿದ್ದರು. ಉರಿ ಇಳಿದ ಮೇಲೆ ನೀರಿನ ಮೇಲೆ ಕಟ್ಟಿದ ಕರಿಪೊರೆಯನ್ನು ತೆಂಗಿನ ನಾರಿನಿಂದ ಎತ್ತಿ ತೆಗೆದು, ಬಟ್ಟೆಯಲ್ಲಿ ಸೋಸಿ ಒಳಗೆ ಒಯ್ಯಬೇಕು. ಅದು ಬೆಂದ ನೀರು. ಉರಿಸದೆ ಇದ್ದದ್ದು ಹಸಿನೀರು. ಹಸಿನೀರನ್ನು ನಾವು ದನಕ್ಕೂ ಕುಡಿಸುವುದಿಲ್ಲ.

ಬಂದವರಿಗೆ ನೀರು ಕೊಡುವುದೆಂದರೆ ಅವರ ಕಣ್ಣೆದುರಿಗೇ ಉರಿಸಿ ಕೊಡುವುದು. ಒಳಗೆ ಉರಿಸಿಟ್ಟದ್ದನ್ನು ತಂದುಕೊಟ್ಟರೂ ಅನುಮಾನ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಒಂದು ಕೊಡ ಉರಿಸಿ ತೋರಿಸಮ್ಮ ಅನ್ನುತ್ತಾರೆ. ಜಗಳದಲ್ಲಿ ತಾಯಿಯನ್ನು ಬೈದರೂ ಸುಮ್ಮನಿರುವ ಗಂಡಸರು, 'ನಿಮ್ಮನೇಲಿ ನೆಂಟರಿಗೆ ಹಸಿನೀರು ಕೊಡ್ತಾರೆ' ಎಂದರೆ ಕೊರಳಪಟ್ಟಿಗೆ ಕೈ ಹಾಕುತ್ತಾರೆ.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಊರುಗಳಲ್ಲಿ ಸತ್ತವರ ತಲೆಯ ಹತ್ತಿರ ದೀಪ ಹಚ್ಚಿಡುತ್ತಾರಂತೆ. ನಮ್ಮಲ್ಲಿ ಸಾವಾದ ಮನೆಯಿಂದ ಮೊದಲು ಹೊರಗೆ ಹೋಗುವುದೇ ದೀಪ. ಅಳುವವರ ಹತ್ತಿರ ಬೆಂಕಿ ಇರಬಾರದು. ಹುಟ್ಟಿದಾಗಿನಿಂದ ಈ ನೀರನ್ನೇ ಕುಡಿದವರ ಕಣ್ಣಿಂದ ಇಳಿಯುವುದೂ ಇದೇ ನೀರು ತಾನೇ. ನಮ್ಮ ಕೇರಿಯ ಜವನಕ್ಕನ ಎಡಗೆನ್ನೆಯ ಮೇಲೆ ಕಿವಿಯವರೆಗೆ ಒಂದು ಗೆರೆ ಇದೆ. ಗಂಡ ಹೋದ ದಿನ ಯಾರೋ ಮರೆತು ದೀಪವನ್ನು ಗೂಡಿನಲ್ಲೇ ಬಿಟ್ಟಿದ್ದರು.

ಊರಿನ ಮೇಲುಗಡೆ ದಿಬ್ಬದ ಮೇಲೆ ಎಣ್ಣೆ ಫ್ಯಾಕ್ಟರಿ. ಸಮುದ್ರದ ಕಡೆಯಿಂದ ದಪ್ಪ ಪೈಪುಗಳಲ್ಲಿ ಕಚ್ಚಾ ಎಣ್ಣೆ ಬರುತ್ತದೆ, ಗೋಪುರದಂಥ ಕೊಳವೆಯೊಳಗೆ ಕಾಯುತ್ತದೆ. ಕಾದಾಗ ಹಗುರವಾದದ್ದು ಮೇಲಕ್ಕೇರಿ ಗ್ಯಾಸು, ಪೆಟ್ರೋಲು ಆಗುತ್ತದೆ. ನಡುವೆ ಸೀಮೆಎಣ್ಣೆ, ಡೀಸೆಲ್ಲು. ಏನೂ ಆಗಲಾರದ್ದು ತಳದಲ್ಲಿ ಡಾಂಬರಾಗಿ ಕೂರುತ್ತದೆ. ಊರಿನೊಳಗೂ ಅದೇ ಲೆಕ್ಕ. ಮೇಲಿನ ಬೀದಿಯ ಬಾವಿಗಳಲ್ಲಿ ನೀಲಿ ಉರಿ, ಚಿಟಿಕೆ ಹೊಡೆಯುವಷ್ಟರಲ್ಲಿ ಇಳಿದುಹೋಗುತ್ತದೆ. ಕೆಳಗಿನ ನಮ್ಮ ಕೇರಿಯ ಬಾವಿಯಲ್ಲಿ ಕೆಂಪು ಉರಿ, ಹೊಗೆ, ಕೊಡದ ಕಂಠಕ್ಕೆಲ್ಲ ಅಂಟುಮಸಿ. ಫ್ಯಾಕ್ಟರಿಯವರನ್ನು ಕೇಳಿದರೆ, ನಾವು ಬಂದದ್ದಕ್ಕೆ ನೀರು ಉರಿಯುತ್ತಿಲ್ಲ, ನೀರು ಉರಿಯುತ್ತಿದ್ದದ್ದಕ್ಕೇ ನಾವು ಬಂದದ್ದು ಅನ್ನುತ್ತಾರೆ. ಯಾವುದು ಮೊದಲು ಎಂದು ಹೇಳಬಲ್ಲ ಮುದುಕರು ಊರಿನಲ್ಲಿ ಉಳಿದಿಲ್ಲ. ನಮ್ಮೂರಿನಲ್ಲಿ ಯಾಕೆ ಯಾರೂ ಮುದುಕರಾಗುವುದಿಲ್ಲ ಎಂದು ಕೇಳುವುದು ಪದ್ಧತಿಯಲ್ಲ.

ಚೆಲುವಿ ನಮ್ಮಣ್ಣ ಮಾದೇಶನನ್ನು ಮದುವೆಯಾಗಿ ಬಂದಾಗ ಕೇರಿಯ ಹೆಂಗಸರೆಲ್ಲ ಅವಳ ಹುಬ್ಬು ನೋಡಲು ಬಂದಿದ್ದರು. ಅವಳ ತವರು ಎರಡು ಗುಡ್ಡದಾಚೆ, ನೀರು ಉರಿಯದ ಊರು. ಕಂಬಳಿಹುಳುವಿನಂಥ ದಪ್ಪ ಹುಬ್ಬು. ಜವನಕ್ಕ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದೇನವ್ವ ಕೆಂಪಾಜಕ್ಕ, ನಿನ್ ಸೊಸೆ ಮೀಸೆನಾ ತಪ್ ಜಾಗ್ದಲ್ಲಿ ಬುಟ್ಕಂಡವ್ಳೆ" ಅಂದಿದ್ದಳು. ಕೆಂಪಾಜಮ್ಮ ನಮ್ಮವ್ವ. ಅವಳಿಗೆ ಆ ಹುಬ್ಬಿನ ಮೇಲೆ ಅದೇನು ಪ್ರೀತಿಯೋ. ಹೊಸ ಸೊಸೆಗೆ ಕೊಡ ಉರಿಸುವುದನ್ನು ಕಲಿಸುವಾಗ ತನ್ನ ಅಂಗೈಯನ್ನು ಅವಳ ಹಣೆಗೆ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಅಂಗೈ ಸುಟ್ಟಿತು. ಆಮೇಲೆ ಹುಬ್ಬೂ ಸುಟ್ಟಿತು. ಸಂಜೆ ಅತ್ತೆ ಸೊಸೆ ಇಬ್ಬರೂ ಒಂದೇ ಕನ್ನಡಿಯ ಮುಂದೆ ಕೂತು ಕೊಡದ ಮಸಿಯಿಂದ ಹುಬ್ಬು ತೀಡಿಕೊಳ್ಳುವುದನ್ನು ನೋಡಿದರೆ ತಾಯಿ ಮಗಳು ಅನ್ನಬೇಕು, ಹಾಗಿದ್ದರು.

ಚೆಲುವಿಯ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಎರಡು ಸಲವೂ ಅವ್ವ ಮನೆಯ ದೀಪವನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಒಲೆಗಲ್ಲಿನ ಮೇಲಿಟ್ಟು ಬಂದಳು. ಕೇರಿಯಲ್ಲಿ ಇದು ಹೊಸದಲ್ಲ. ಅರ್ಧ ಮನೆಗಳ ತೊಟ್ಟಿಲಲ್ಲಿ ಈರುಳ್ಳಿ ಒಣಗುತ್ತವೆ.

ಆಸ್ಪತ್ರೆಯ ಫಿಲೋಮಿನಾ ಸಿಸ್ಟರ್ ನಮ್ಮ ಓದುಕೂಟಕ್ಕೆ ಬರುತ್ತಿದ್ದವರು. ಭಾನುವಾರ ಸೈಕಲ್ ಶಾಪಿನ ಬಾಗಿಲು ಅರ್ಧ ಎಳೆದು ನಾವು ಹತ್ತಾರು ಜನ ಪುಸ್ತಕ ಓದಿ ಬಡಿದಾಡುತ್ತಿದ್ದ ಕೂಟ ಅದು. ಅವರೇ ಒಂದು ದಿನ ಮನೆಗೆ ಬಂದು ಅವ್ವನನ್ನು ಕೂರಿಸಿಕೊಂಡು ಹೇಳಿದರು. "ನೋಡಿ ಕೆಂಪಾಜಮ್ಮ, ಕಚ್ಚಾ ಎಣ್ಣೆ ಅಂದ್ರೆ ಒಂದು ಎಣ್ಣೆ ಅಲ್ಲ, ಒಂದು ಸಂತೆ. ನೂರಾರು ಜಾತಿ ಎಣ್ಣೆ ಒಟ್ಟಿಗೆ ಕಲಸ್ಕೊಂಡು ಕೂತಿರ್ತವೆ. ನೀರಿನ ಮೇಲೆ ತೇಲೋದನ್ನ ನೀವು ಉರಿಸಿ ತೆಗೀತೀರಿ, ಸರಿ. ನೀರಿನೊಳಗೇ ಕರಗೋದೂ ಒಂದಿದೆ. ಬೆಂಜೀನ್ ಅಂತಾರೆ. ಅದಕ್ಕೆ ಬಣ್ಣ ಇಲ್ಲ, ನಿಮ್ಮ ಕಡ್ಡಿಗೆ ಅದು ಸಿಗೋದಿಲ್ಲ. ಅದು ರಕ್ತಕ್ಕಿಳಿದು ಮೂಳೆಯೊಳಗಿನ ಮಜ್ಜೆಗೆ ಹೋಗುತ್ತೆ. ಈ ಹುಡುಗಿ ಬಸಿರು ನಿಲ್ಲಬೇಕಾದ್ರೆ ಮೊದಲು ಈ ನೀರು ನಿಲ್ಲಬೇಕು."

ಅವ್ವನಿಗೆ ಮುಖಕ್ಕೆ ಹೊಡೆದಂತಾಯಿತು. "ನಾನ್ ಯಾವತ್ತಾರಾ ಉರಿಸ್ದೆ ಕೊಟ್ಟಿದ್ದೀನಾ ಸಿಸ್ಟ್ರಮ್ಮ? ಬೆಂಕಿ ಮುಟ್ಟಿದ್ ಮ್ಯಾಲೆ ಇನ್ನೇನ್ ಉಳಿತದೆ? ಹೆಣನೇ ಉಳಿಯಕಿಲ್ಲ."

"ಉಳಿಯುತ್ತೆ ಅಂತಾನೇ ಹೇಳ್ತಿರೋದು."

"ಅಂಗಾರೆ ನಿಮ್ ಓದೇ ತಪ್ಪು ಬುಡಿ" ಎಂದು ಅವ್ವ ಎದ್ದು ಒಳಗೆ ಹೋದಳು. ಹೋದವಳು ಬಾಗಿಲ ಸಂದಿಯಿಂದ ಮತ್ತೆ ಇಣುಕಿ ಕೇಳಿದಳು, "ಮತ್ತೆ ಯಾವ್ ನೀರ್ ಕೊಡ್ಲಿ ಹೇಳಿ ಕೂಸ್ಗೆ?"

ಅದೇ ಪ್ರಶ್ನೆ. ಯಾವ ನೀರು? ಹೆರಿಗೆಗೆ ತವರಿಗೆ ಕಳಿಸೋಣವೆಂದರೆ ಚೆಲುವಿಯ ಊರು ಅಷ್ಟು ಹೊತ್ತಿಗೆ ಫ್ಯಾಕ್ಟರಿಯ ಹೊಸ ಟ್ಯಾಂಕುಗಳ ಕೆಳಗೆ ಹೋಗಿತ್ತು. ಜನ ಚೆಲ್ಲಾಪಿಲ್ಲಿಯಾಗಿದ್ದರು, ಅವಳ ತಾಯಿ ಯಾವ ಊರಿನ ಯಾವ ಶೆಡ್ಡಿನಲ್ಲಿದ್ದಾಳೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವಳು ಮೂರನೆಯ ಸಲ ಬಸುರಿಯಾದಳು.

ನಾವು ಫ್ಯಾಕ್ಟರಿಯ ಗೇಟಿನ ಮುಂದೆ ಕೂತೆವು. ಓದುಕೂಟದವರು ಘೋಷಣೆ ಬರೆದೆವು, ಆದರೆ ಘೋಷಣೆಗಿಂತ ಕೇರಿಯ ಹೆಂಗಸರು ತಂದಿದ್ದ ಕೊಡಗಳೇ ಜೋರಾಗಿ ಮಾತಾಡಿದವು. ದಾರಿಯುದ್ದಕ್ಕೂ ಕೊಡಗಳನ್ನು ಸಾಲಾಗಿಟ್ಟು ಕಡ್ಡಿ ಗೀರಿದೆವು. ಪೊಲೀಸರು ಲಾಠಿಯಿಂದ ಕೊಡ ಒಡೆದರು, ಒಡೆದ ನೀರು ಉರಿಯುತ್ತಲೇ ಚರಂಡಿಯುದ್ದಕ್ಕೂ ಹರಿದು ಗೇಟಿನೊಳಗೆ ಹೋಯಿತು. ಆ ಚಿತ್ರ ಪತ್ರಿಕೆಯಲ್ಲಿ ಬಂತು. ಮೊಕದ್ದಮೆಯಾಯಿತು. ಕೋರ್ಟು ಒಂದು ಆಯೋಗವನ್ನು ನೇಮಿಸಿ, ಆಯೋಗ ಬಂದು ನೋಡಿಹೋಗುವವರೆಗೆ ದೂರದ ಬೆಟ್ಟದ ಕೆರೆಯಿಂದ ಕೆಳಗಿನ ಕೇರಿಗೆ ಒಂದು ನಲ್ಲಿ ಹಾಕಿಸಬೇಕೆಂದು ಹೇಳಿತು. ನೀರು ಉರಿಯುವುದು ಫ್ಯಾಕ್ಟರಿಯ ಎಣ್ಣೆಯಿಂದ ಎಂದು ಆಯೋಗಕ್ಕೆ ಕಂಡುಬಂದರೆ ನಲ್ಲಿ ಖಾಯಂ, ಊರಿಗೆಲ್ಲ ನಲ್ಲಿ. ಕಂಡುಬರದಿದ್ದರೆ ನಲ್ಲಿ ಬಂದ್.

ನಲ್ಲಿಗೆ ನೀರು ಬಂದ ದಿನ ಕೇರಿಗೆ ಕೇರಿಯೇ ಅದರ ಸುತ್ತ ನಿಂತಿತ್ತು. ಜವನಕ್ಕ ಮೊದಲ ಕೊಡ ಹಿಡಿದು, ರೂಢಿಯಂತೆ ಕಡ್ಡಿ ಗೀರಿ ಬಾಯಿಗೆ ಹಿಡಿದಳು. ಚುಯ್ ಎಂದು ಕಡ್ಡಿ ಆರಿತು. ಇನ್ನೊಂದು ಗೀರಿದಳು. ಅದೂ ಆರಿತು.

"ಇದೇನ್ ನೀರವ್ವ! ನಮ್ ಮನೆಯೋನ್ ಇದ್ನಲ್ಲ, ಅವ್ನಂಗೇ ಅದೆ. ಎಷ್ಟ್ ಗೀರಿದ್ರೂ ಹತ್ಕಳಕಿಲ್ಲ."

ಎಲ್ಲರೂ ನಕ್ಕರು. ನಕ್ಕಮೇಲೆ ಯಾರೂ ಆ ನೀರನ್ನು ಕುಡಿಯಲಿಲ್ಲ. ಸತ್ತ ನೀರು ಅಂದರು. ತಣ್ಣಗೆ ಕೊಡದಲ್ಲಿ ಬಿದ್ದುಕೊಂಡಿದೆ, ಉಸಿರೇ ಇಲ್ಲ ಅಂದರು. ವಾಸನೆಯಿಲ್ಲದ ನೀರಿಗೆ ನಾಲಗೆಯ ಮೇಲೆ ಏನೂ ಆಗುವುದಿಲ್ಲ, ಅದು ಒಳಗೆ ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ ಎಂದು ಒಬ್ಬಳು ನನ್ನನ್ನೇ ಕೇಳಿದಳು. ನಾನು ಗಂಟಲು ಹರಿಯುವಂತೆ ವಿವರಿಸಿದೆ. ನಲ್ಲಿಯಿಂದ ನೀರು ಹಿಡಿಯುವುದನ್ನು ಶುರುಮಾಡಿದರು, ನನ್ನ ಮಾತಿಗಲ್ಲ, ಸೇದುವ ಕಷ್ಟವಿಲ್ಲವೆಂದು. ಹಿಡಿದು ಮನೆಗೆ ಹೋಗಿ ಏನು ಮಾಡುತ್ತಿದ್ದಾರೆಂದು ನನಗೆ ಗೊತ್ತಾದದ್ದು ನಮ್ಮ ಮನೆಯ ಅಂಗಳದಲ್ಲೇ. ಅವ್ವ ನಲ್ಲಿನೀರಿನ ಕೊಡದೊಳಕ್ಕೆ ಚಮಚದಲ್ಲಿ ಏನೋ ಸುರಿದು ಕಡ್ಡಿ ಗೀರಿದಳು. ಚೆಂದದ ಉರಿ ಎದ್ದಿತು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ.

"ಅವ್ವಾ, ಏನ್ ಹಾಕ್ದೆ?"

"ಒಸಿ ಸೀಮೆಎಣ್ಣೆ."

ನಾನು ಕೊಡವನ್ನು ಒದ್ದೆ. "ಯಾವ್ದು ಬ್ಯಾಡ ಅಂತ ಗೇಟಿನ್ ಮುಂದೆ ಲಾಠಿ ತಿಂದ್ವೋ ಅದನ್ನೇ ತಂದ್ ಸುರೀತಿದ್ದೀಯಲ್ಲ! ಒಳ್ಳೇ ನೀರವ್ವ ಅದು, ಒಳ್ಳೇ ನೀರು!"

"ಒಳ್ಳೇದೇ ಇರ್ಬೋದು ಕಣಮ್ಮಿ. ಹಸಿದಲ್ವಾ? ಹಸಿದ್ ಕೊಟ್ಟು, ನಾಳೆ ಆ ಕೂಸ್ಗೆ ಏನಾರ ಆದ್ರೆ ಯಾರ್ ಮಖ ನೋಡ್ಲಿ? ನಿನ್ ಸಿಸ್ಟ್ರಮ್ಮನ್ ಮಖನಾ?"

ಆಗ ಒಳಗಿನಿಂದ ಚೆಲುವಿ ಬಂದಳು. ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು. ಬಿದ್ದ ಕೊಡವನ್ನೆತ್ತಿ, ನಲ್ಲಿಗೆ ಹೋಗಿ ತೊಳೆದು ತುಂಬಿಸಿ ತಂದು, ಅವ್ವನ ಎದುರಿಗೆ ನಿಂತು ಅಂಗೈಯಲ್ಲಿ ಹಿಡಿದು ಕುಡಿದಳು. ಅವ್ವ ಕಣ್ಣು ಮುಚ್ಚಿಕೊಂಡಳು.

"ಕಣ್ ಬುಡಿ ಅತ್ತೆ. ನಮ್ಮೂರಲ್ಲಿ ನಾನ್ ಹಿಂಗೇ ಕುಡ್ಕಂಡ್ ಬೆಳದದ್ದು. ಇದ್ರಲ್ಲೇ ನನ್ ಹುಬ್ ಬೆಳದಿದ್ದು."

ಹುಬ್ಬಿನ ಮಾತು ಬಂದದ್ದೇ ತಡ, ಅವ್ವ ಸೋತಳು. ಅವತ್ತಿನಿಂದ ಸೊಸೆಗೆ ಬೇರೆ ಕೊಡ, ಅದರ ಮೇಲೊಂದು ಬಿಳಿ ಬಟ್ಟೆ. ಯಾರೂ ಕಡ್ಡಿ ಹಿಡಿದು ಅದರ ಹತ್ತಿರ ಸುಳಿಯುವಂತಿಲ್ಲ. ದಿನಾ ಲೋಟ ತುಂಬಿ ಕೊಡುವಾಗ ಅವ್ವ ಮಾತ್ರ ವಿಷ ಕೊಡುವವಳಂತೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆಮೇಲಾಮೇಲೆ ನನಗೂ ಮಾದೇಶನಿಗೂ ಅದನ್ನೇ ಕೊಟ್ಟಳು, ತಾನೂ ಗಂಟಲಿಗೆ ಎತ್ತಿ ಹಾಕಿಕೊಂಡಳು. "ಮನೆಯೋರು ನಾವ್ ಹೆಂಗೋ ಹಸಿದ್ ಕುಡ್ಕಂಡ್ ಇರ್ತೀವಿ. ಬಂದೋರ್ಗೆ ಮಾತ್ರ ಕೊಡಕಾಯ್ತದಾ?" ಅಂದಳು. ಬಂದವರಿಗಾಗಿ ಒಂದು ಸಣ್ಣ ಸೀಸೆಯಲ್ಲಿ ಸೀಮೆಎಣ್ಣೆ ಬಾಗಿಲ ಮೂಲೆಯಲ್ಲಿ ಇತ್ತು. ನಮ್ಮ ಮನೆಗೆ ಯಾರು ಬರುತ್ತಾರೆ ಎಂದು ನಾನೂ ಬಿಟ್ಟೆ.

ಚೆಲುವಿಯ ಹಣೆಯ ಮೇಲೆ ಮಸುಕಾಗಿ ಹುಬ್ಬು ಚಿಗುರಿತು. ಫಿಲೋಮಿನಾ ಸಿಸ್ಟರ್ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕೇಳಿ, ಅವ್ವನ ಕಿವಿಗೂ ಅದನ್ನು ಕೊಟ್ಟರು. ಅವ್ವ ಕೇಳಿದಳು, ಮತ್ತೆ ಕೇಳಿದಳು, "ಕುದ್ರೆ ಓಡ್ದಂಗದೆ" ಎಂದು ಕೊಳವೆಯನ್ನು ವಾಪಸು ಕೊಡಲೊಲ್ಲಳು. ಇಷ್ಟು ದಿನ ನಿಂತ ಬಸಿರು ಇದೇ ಮೊದಲು. ನಲ್ಲಿ ಇರಬೇಕು, ಅಷ್ಟೇ. ಇನ್ನು ಸ್ವಲ್ಪ ದಿನ ನಲ್ಲಿ ಇರಬೇಕು.

ಆಯೋಗ ಬರುವುದಕ್ಕೆ ಒಂದು ವಾರ ಮುಂಚೆ ಫ್ಯಾಕ್ಟರಿಯ ಲಾರಿಗಳು ಬಂದು ಊರಿನ ಬಾವಿಗಳಿಗೆಲ್ಲ ಏನೋ ಹೊಯ್ದವು. ಸೋಪುನೀರಿನಂಥದ್ದು. ಬಾವಿ ಶುಚಿ ಮಾಡುತ್ತಿದ್ದೇವೆ, ಸಮಾಜಸೇವೆ ಅಂದರು. ಮರುದಿನ ಬಾವಿಯ ನೀರು ಹತ್ತಲಿಲ್ಲ. ಸಿಸ್ಟರ್ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆತ್ತಿ ನನಗೆ ತೋರಿಸಿದರು, ಮಜ್ಜಿಗೆಯ ತೆಳಿಯಂತೆ ಮಬ್ಬು. "ಎಣ್ಣೆ ಹೋಗಿಲ್ಲ ದೇವೀರಿ. ಪಾತ್ರೆಯ ಜಿಡ್ಡಿಗೆ ಸೋಪು ಹಾಕಿದ ಹಾಗೆ. ಮೇಲೆ ತೇಲ್ತಿದ್ದದ್ದನ್ನ ಒಡೆದು ಪುಡಿಮಾಡಿ ನೀರಿನೊಳಗೇ ಬೆರೆಸಿದ್ದಾರೆ. ಈಗ ಪೂರ್ತಿ ಕುಡಿಯೋದೇ." ಊರಿನವರಿಗೆ ಇದನ್ನು ಹೇಳಿದರೆ ಬಾವಿನೀರಿನ ಕೊಡಕ್ಕೂ ಸೀಮೆಎಣ್ಣೆ ಹಾಕಿ ಉರಿಸಲು ಶುರುಮಾಡಿದರು.

ಆಯೋಗದ ಹಿರಿಯರು ಒಬ್ಬ ನಿವೃತ್ತ ನ್ಯಾಯಾಧೀಶೆ. ಬಿಳಿಕೂದಲು, ಹತ್ತಿಸೀರೆ, ಕಾಲಿಗೆ ಹವಾಯಿ ಚಪ್ಪಲಿ. ಒಳ್ಳೆಯ ಹೆಂಗಸು, ಇವತ್ತಿಗೂ ಹಾಗೇ ಅನ್ನುತ್ತೇನೆ. ಅವರ ಜೊತೆಗೆ ಇಬ್ಬರು ವಿಜ್ಞಾನಿಗಳು, ಹಿಂದೆ ಫ್ಯಾಕ್ಟರಿಯ ಜನಸಂಪರ್ಕದ ಶ್ರೀವತ್ಸ ಸಾಹೇಬರು. ಬಿಸಿಲಿನಲ್ಲಿ ಬಾವಿಯಿಂದ ಬಾವಿಗೆ ನಡೆದರು. ಎಲ್ಲೂ ಕಡ್ಡಿ ಹತ್ತಲಿಲ್ಲ. ನಾನು ಪತ್ರಿಕೆಯ ಚಿತ್ರ ತೋರಿಸಿದೆ, ಲಾರಿಗಳ ವಿಷಯ ಹೇಳಿದೆ, ಆ ಮಬ್ಬು ನೀರಿನ ಬಾಟಲಿ ಕೊಟ್ಟೆ. ಆ ಅಮ್ಮ ತಾಳ್ಮೆಯಿಂದ ಕೇಳಿ, ಬಾಟಲಿಯನ್ನು ತಾವೇ ಚೀಲಕ್ಕೆ ಹಾಕಿಕೊಂಡು, "ನಿಮ್ಮ ಮನೆ ತೋರಿಸ್ತೀರಾ? ಆ ಹುಡುಗಿಯನ್ನ ನೋಡಬೇಕು" ಅಂದರು. ಗೆದ್ದೆವು ಅನ್ನಿಸಿತು.

ನಮ್ಮ ಜಗುಲಿಯ ಮೇಲೆ ಅವರು ಕೂತರು. ಚೆಲುವಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆನ್ನು ಸವರಿದರು. ಬೆವರು ಒರೆಸಿಕೊಂಡು ಅವ್ವನ ಕಡೆ ನೋಡಿ, "ತಾಯಿ, ಕುಡಿಯೋದಕ್ಕೆ ಒಂದು ಲೋಟ ನೀರು ಕೊಡ್ತೀರಾ?" ಎಂದು ಕೇಳಿದರು.

ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕೇರಿಗೆ ಎಷ್ಟೋ ಅಧಿಕಾರಿಗಳು ಬಂದುಹೋಗಿದ್ದಾರೆ. ಎಲ್ಲರ ಕಾರಿನಲ್ಲೂ ಅವರವರ ನೀರಿನ ಬಾಟಲಿ. ಮೇಲಿನ ಬೀದಿಯ ಭಿಕ್ಷುಕ ಕೂಡ ನಮ್ಮ ಬಾಗಿಲಲ್ಲಿ ನೀರು ಕೇಳಿದವನಲ್ಲ. ಅವ್ವ ತನ್ನ ಜೀವಮಾನದಲ್ಲಿ ಮೇಲಿನವರೊಬ್ಬರ ಬಾಯಿಂದ ಆ ಮಾತನ್ನು ಕೇಳಿದ್ದು ಅವತ್ತೇ. ಅವಳ ಮುಖ ಹೇಗಾಯಿತೆಂದರೆ, ನಾನು ಒಂದು ಗಳಿಗೆ ಅದನ್ನೇ ನೋಡುತ್ತ ನಿಂತುಬಿಟ್ಟೆ. ಆ ಗಳಿಗೆಯಲ್ಲಿ ಅವಳು ಒಳಗೆ ಓಡಿದ್ದಳು. ತಿಕ್ಕಿ ಬೆಳಗಿದ ಹಿತ್ತಾಳೆ ತಂಬಿಗೆಯಲ್ಲಿ, ಚೆಲುವಿಯ ಬಿಳಿಬಟ್ಟೆಯ ಕೊಡದಿಂದ ಬಗ್ಗಿಸಿಕೊಂಡ ನಲ್ಲಿನೀರನ್ನು ತಂದಳು. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ನೀರು. ಅದನ್ನು ಅಂಗಳದಲ್ಲಿ ಎಲ್ಲರೆದುರಿಗೆ ಇಟ್ಟು, ಬಾಗಿಲ ಮೂಲೆಯ ಸೀಸೆ ತೆಗೆದು, ಮುಚ್ಚಳ ಬಿಚ್ಚಿದಳು.

"ಅವ್ವಾ!" ಎಂದೆ.

ಅವಳಿಗೆ ಕೇಳಲಿಲ್ಲ. ಅಥವಾ ಕೇಳಿಯೂ, ಈ ಹುಡುಗಿ ನನ್ನ ಮನೆಯ ಮಾನ ಕಳೆಯುತ್ತಾಳೆ ಅಂದುಕೊಂಡಳೋ. ಧಾರಾಳವಾಗಿ ಸುರಿದು ಕಡ್ಡಿ ಗೀರಿದಳು. ಮದುವೆಮನೆಯಲ್ಲಿ ಉರಿಸುವಂತೆ ಎತ್ತರಕ್ಕೆ ಉರಿ ಎದ್ದಿತು. ಅವ್ವ ಕೈಕಟ್ಟಿ ನಿಂತು, ಅತಿಥಿಯ ಕಡೆ ನೋಡಿ ಮುಗುಳ್ನಕ್ಕಳು.

ವಿಜ್ಞಾನಿಗಳಲ್ಲೊಬ್ಬರು ಕ್ಯಾಮೆರಾ ತೆಗೆದರು. ಶ್ರೀವತ್ಸ ಸಾಹೇಬರು ಮುಂದೆ ಬಂದು, ಬಗ್ಗಿ, ಬಹಳ ಮೃದುವಾಗಿ ಕೇಳಿದರು. "ಏನಮ್ಮ ಅದು ಹಾಕಿದ್ದು?"

"ಸೀಮೆಎಣ್ಣೆ ಬುದ್ಧಿ. ಈ ನಲ್ಲಿನೀರು ತಾನಾಗೇ ಹತ್ಕಳಕಿಲ್ಲ ನೋಡಿ."

"ಎಲ್ಲರ ಮನೇಲೂ ಹಾಕ್ತಾರಾ?"

"ಮತ್ತೆ? ಹಸಿದ್ ಕೊಡಕಾಯ್ತದಾ ಬುದ್ಧಿ ಬಂದೋರ್ಗೆ!"

"ಬಾವಿನೀರಿಗೂ ಹಾಕ್ತೀರಾ?"

"ಬಾವಿದು ತಾನೇ ಉರೀತಿತ್ತು ಬುದ್ಧಿ. ಈಗೊಂದ್ ವಾರದಿಂದ ಅದ್ಕೂ ಹಾಕ್ಬೇಕು."

ಸಾಹೇಬರು ನೆಟ್ಟಗೆ ನಿಂತರು. ಇನ್ನೇನನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ನಾನು ಕೂಗಿದೆ, ನಡುವೆ ಬಿದ್ದೆ, ಅವರಿಗೆ ಅರ್ಥವಾಗಿಲ್ಲ, ಇದು ಬೇರೆ ಅದು ಬೇರೆ ಎಂದು ಬಡಕೊಂಡೆ. ಉರಿ ಇಳಿಯಿತು. ಅವ್ವ ಪೊರೆ ತೆಗೆದು, ಸೆರಗಿನಲ್ಲಿ ಸೋಸಿ, ಲೋಟವನ್ನು ಎರಡು ಕೈಯಲ್ಲಿ ಹಿಡಿದು ನ್ಯಾಯಾಧೀಶೆಯ ಮುಂದೆ ಚಾಚಿದಳು. ಆ ಅಮ್ಮ ಲೋಟವನ್ನು ತೆಗೆದುಕೊಂಡರು. ಮೂಸಿದರು. ಕುಡಿಯದೆ ಜಗುಲಿಯ ಮೇಲಿಟ್ಟು, ಎದ್ದು ಹೋದರು.

ಬಾಟಲಿಯಲ್ಲಿದ್ದ ನೀರು ನಾವೇ ಕಲಸಿಕೊಟ್ಟದ್ದಲ್ಲವೆಂದು ಹೇಗೆ ನಂಬುವುದು ಎಂದು ಫ್ಯಾಕ್ಟರಿಯ ವಕೀಲರು ಕೇಳಿದರಂತೆ. ನೀರಿಗೆ ಸೀಮೆಎಣ್ಣೆ ಸುರಿದು ಉರಿಸುವುದು ಈ ಜನರ ಹಳೆಯ ಆಚಾರ, ಅದನ್ನು ಕಣ್ಣಾರೆ ಕಂಡಿದ್ದೇವೆ, ಫ್ಯಾಕ್ಟರಿಯ ತಪ್ಪು ಸಾಬೀತಾಗಿಲ್ಲ ಎಂದು ಆಯೋಗ ಹೇಳಿತು. ಕಂಡದ್ದನ್ನೇ ಹೇಳಿತು. ನಲ್ಲಿಯ ಕತ್ತು ತಿರುಚಿ, ಕೊಳವೆಯನ್ನು ಅಗೆದುಕೊಂಡು ಹೋದರು. ಅಗೆದ ಗುಂಡಿಯಲ್ಲಿ ನಿಂತ ಮಳೆನೀರನ್ನು ಅವ್ವ ಬಗ್ಗಿಸಿ ತರುತ್ತಿದ್ದಳು. ಬೆಟ್ಟದ ಕೆರೆಯ ಪೈಪು ಆಫೀಸರುಗಳ ಕಾಲನಿಗೆ ಇನ್ನೂ ಹೋಗುತ್ತಿತ್ತು, ಹೂಗಿಡಗಳಿಗೆ. ಅಲ್ಲಿಯ ಕಾವಲುಗಾರನ ಕಾಲು ಹಿಡಿದು ಒಂದು ತಂಬಿಗೆ ತಂದ ದಿನವೂ ಉಂಟು, ಬೈಸಿಕೊಂಡು ಬರಿಗೈಯಲ್ಲಿ ಬಂದ ದಿನವೂ ಉಂಟು. ತಂದದ್ದನ್ನು ಸೊಸೆಯ ಮುಂದಿಟ್ಟು "ಹಸಿದೇ ಕುಡಿ ಮಗ, ಹಸಿದೇ ಕುಡಿ" ಅನ್ನುತ್ತಿದ್ದಳು. ಅದು ಸಾಲದೆ ಬಂದಾಗ ಚೆಲುವಿ ಬಾವಿಯ ನೀರನ್ನೇ ಕುಡಿದಳು. ಬಾವಿ ಅಷ್ಟು ಹೊತ್ತಿಗೆ ಮತ್ತೆ ತಾನಾಗಿಯೇ ಹತ್ತಿಕೊಳ್ಳಲು ಶುರುವಾಗಿತ್ತು.

ಮಗು ದಿನ ತುಂಬುವ ಮೊದಲೇ ಬಂತು. ಹೆಣ್ಣು. ತಲೆತುಂಬ ಕೂದಲು, ಅಷ್ಟು ಚಿಕ್ಕ ಹಣೆಯ ಮೇಲೆ ತಾಯಿಯದೇ ದಪ್ಪ ಹುಬ್ಬು. ಅಳಲಿಲ್ಲ. ಫಿಲೋಮಿನಾ ಸಿಸ್ಟರ್ ಏನೇನೋ ಮಾಡಿ, ಕೊನೆಗೆ ಕೈತೊಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಅವ್ವ ದೀಪವನ್ನೆತ್ತಿ ಹಿತ್ತಲಿಗೆ ಒಯ್ದಳು. ಬಂದು ಮಗುವಿನ ಹುಬ್ಬನ್ನು ಒಂದು ಸಲ ತೀಡಿದಳು. ಚೆಲುವಿ ಅತ್ತಳು, ನಾನು ಅತ್ತೆ, ಮಾದೇಶ ಗಂಡಸಾದರೂ ಅತ್ತ. ಅವ್ವ ಮಾತ್ರ ಅಳಲಿಲ್ಲ. ಚೆಲುವಿ ಅವಳನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಕನ್ನಡಿಯ ಮುಂದೆ ಒಬ್ಬಳೇ ಕೂರತೊಡಗಿದಳು.

ಫ್ಯಾಕ್ಟರಿಯವರಿಗೆ ನಮ್ಮ ಆಚಾರದ ಮೇಲೆ ಭಕ್ತಿ ಹುಟ್ಟಿದ್ದು ಆಮೇಲೆ. ಮನೆಮನೆಗೆ ಒಂದು ಡಬ್ಬಿ ಸೀಮೆಎಣ್ಣೆ ಪುಕ್ಕಟೆ ಹಂಚಿದರು. ಅದರ ಜೊತೆಗೆ ಉರಿಯುವ ಕೊಡದ ಚಿತ್ರವಿರುವ ಬೆಂಕಿಪೊಟ್ಟಣ. ಪರಂಪರೆ ಉಳಿಸಿ ಎಂದು ಗೋಡೆಗೋಡೆಗೂ ಬರೆಸಿದರು. ಉರಿಗೊಡ ಉತ್ಸವ ಎಂದು ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿಸಿದರು, ಒಳ್ಳೆಯ ಉರಿಗೆ ಬಹುಮಾನ. ಊರಿಗೆ ಊರೇ ಹೊಸ ಬಟ್ಟೆ ಉಟ್ಟು ಹೋಯಿತು. ಗೇಟಿನ ಮುಂದೆ ನಮ್ಮ ಜೊತೆ ಕೂತಿದ್ದ ಜವನಕ್ಕ ಸ್ಪರ್ಧೆಗೆ ಹೆಸರು ಕೊಟ್ಟಳು. "ಏನ್ ಮಾಡ್ಲಿ ದೇವೀರಿ, ಕೊಡಪಾನ ಕೊಡ್ತಾರಂತೆ" ಅಂದಳು, ನನ್ನ ಕಣ್ಣು ತಪ್ಪಿಸಿ. ಉತ್ಸವದ ದೀಪ ಹಚ್ಚಲು ಆಚಾರ ಕಾಪಾಡಿದ ಹಿರಿಯ ತಾಯಿ ಎಂದು ನಮ್ಮವ್ವನನ್ನೇ ಕರೆದರು. ಕಾರು ಬಂದು ಬಾಗಿಲಲ್ಲಿ ನಿಂತಿತು.

"ಹೋದ್ರೆ ನಾನ್ ನಿನ್ ಮಗಳೇ ಅಲ್ಲ" ಎಂದೆ.

ಅವ್ವ ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದು ಉಟ್ಟುಕೊಳ್ಳುತ್ತಿದ್ದಳು. "ನೀನೂ ಬಾ" ಅಂದಳು, ಅಷ್ಟೇ.

ವೇದಿಕೆಯ ಮೇಲೆ ಸೊಂಟದೆತ್ತರದ ದೀಪದ ಕಂಬ, ಐದು ಬತ್ತಿ. ಮಂತ್ರಿಗಳು, ಸಾಹೇಬರು, ಮೈಕು. ಅವ್ವನಿಗೆ ಶಾಲು ಹೊದಿಸಿದರು. ಕೈಗೆ ಮೇಣದಬತ್ತಿ ಕೊಟ್ಟರು. ಅವಳು ಒಂದೊಂದೇ ಬತ್ತಿಯನ್ನು ಹಚ್ಚಿದಳು, ನಿಧಾನವಾಗಿ, ಮನೆಯಲ್ಲಿ ಹಚ್ಚಿದ ಹಾಗೆ. ಜನ ಚಪ್ಪಾಳೆ ತಟ್ಟಿದರು. ಹಚ್ಚಿಯಾದ ಮೇಲೆ ಹಿಂದಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಕಂಬದ ಮೇಲೆ ಬಗ್ಗಿ ನಿಂತಳು. ನನಗೆ ಹೊಳೆಯಿತು, ಗುಂಪನ್ನು ತಳ್ಳಿಕೊಂಡು ವೇದಿಕೆಯ ಕಡೆ ಓಡಿದೆ. ಅಷ್ಟರಲ್ಲಿ ಅವ್ವ ಅಳಲು ಶುರುಮಾಡಿದ್ದಳು. ಹೆರಿಗೆಯ ದಿನ ಬೇಡವೆಂದು ಹಿಡಿದಿಟ್ಟದ್ದು, ಅದಕ್ಕೂ ಹಿಂದಿನ ಎರಡರದ್ದು, ಯಾವ ಕಾಲದ್ದೋ ಎಲ್ಲ. ಮೊದಲ ಹನಿ ಬತ್ತಿಯ ಮೇಲೆ ಬಿದ್ದು ಛಟ್ಟೆಂದು ಹತ್ತಿಕೊಂಡಿತು. ಕೆಂಪು ಉರಿ, ಕರಿಹೊಗೆ, ನಮ್ಮ ಕೇರಿಯ ಬಾವಿಯದೇ ಉರಿ. ಇನ್ನೊಂದು ಹನಿ. ಮತ್ತೊಂದು. ಗಲ್ಲದ ತುದಿಯಿಂದ ದೀಪದವರೆಗೆ ಉರಿಯ ಮಣಿಗಳನ್ನು ಪೋಣಿಸಿದಂತೆ ಇಳಿಯುತ್ತಿತ್ತು. ಕೆನ್ನೆ ಸುಡುತ್ತಿತ್ತು, ಅವಳು ಒರೆಸಲಿಲ್ಲ. ಮುಖವೆತ್ತಿ ಶ್ರೀವತ್ಸ ಸಾಹೇಬರನ್ನು ನೋಡಿದಳು.

"ನೋಡ್ಕಳಿ ಬುದ್ಧಿ. ಇದ್ಕೂ ನಾನೇ ಸೀಮೆಎಣ್ಣೆ ಹುಯ್ಕಂಡಿದ್ದೀನಾ?"

ಮೈಕು ಹತ್ತಿರವೇ ಇತ್ತು. ಮೈದಾನದ ಕೊನೆಯವರೆಗೆ ಕೇಳಿಸಿತು. ಇನ್ನೇನು ಯಾರಾದರೂ ಒಬ್ಬರು ಎದ್ದುನಿಲ್ಲುತ್ತಾರೆ ಅಂದುಕೊಂಡೆ. ಆಗ ಮುಂದಿನ ಸಾಲಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು. ಹಿಂದಿನವರೂ ತಟ್ಟಿದರು. ಮಂತ್ರಿಗಳು ತಟ್ಟಿದರು. ಫೋಟೊದವನು ಓಡಿಬಂದು, ಒಂದು ಮೊಣಕಾಲೂರಿ, ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಹೇಳಿದ. "ಅಮ್ಮ, ಇನ್ನೊಂದ್ ಸಲ ಅಳಿ. ಸ್ವಲ್ಪ ಈ ಕಡೆ ತಿರುಗಿ. ಮೊದಲಿನದು ಸರಿಯಾಗಿ ಬರಲಿಲ್ಲ."

ಅವ್ವ ಅವನನ್ನು ನೋಡಿದಳು. ಚಪ್ಪಾಳೆ ತಟ್ಟುತ್ತಿದ್ದ ಊರನ್ನು ನೋಡಿದಳು. ಆಮೇಲೆ ದೀಪದ ಕಂಬಕ್ಕೆ ಬಗ್ಗಿ, ಕೆನ್ನೆಯುಬ್ಬಿಸಿ, ಒಂದು ಬತ್ತಿಯನ್ನು ಊದಿದಳು. ಎರಡನೆಯದನ್ನು ಊದಿದಳು. ಐದನ್ನೂ ಊದಿ ಆರಿಸಿ, ಶಾಲನ್ನು ಕಂಬಕ್ಕೆ ನೇತುಹಾಕಿ, ಮೆಟ್ಟಿಲಿಳಿದು ನನ್ನ ಕೈಹಿಡಿದುಕೊಂಡು ನಡೆದಳು. ಚಪ್ಪಾಳೆ ನಿಂತಿತು. ಯಾರೋ ಛೀ ಅಂದರು. ಮುಂಡೆ, ದೀಪ ಊದಿದಳಲ್ಲ ಅಂದರು. ಒಂದು ಕಲ್ಲೂ ಬಂತು.

ಅವತ್ತಿನಿಂದ ಊರಿನವರು ಯಾರೂ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಜವನಕ್ಕ ಹೊಸ ಕೊಡಪಾನ ಹೊತ್ತು ನಮ್ಮ ಬಾಗಿಲು ದಾಟುವಾಗ ಮುಖ ತಿರುಗಿಸುತ್ತಾಳೆ. ಮಗು ಸತ್ತದ್ದಕ್ಕೆ ಈ ಊರು ಯಾರನ್ನೂ ಬೈಯಲಿಲ್ಲ. ನಮ್ಮವ್ವನನ್ನು ಇವತ್ತಿಗೂ ಬೈಯುತ್ತದೆ, ದೀಪ ಊದಿದಳೆಂದು.